ಮಂಡಿಚಿಪ್ಪಿನ ಮೇಲಿನ ತೆಳು ಚೀಲ

ಮೂಳೆ ಡಾಕ್ಟರ ಕ್ಲಿನಿಕ್ಕಿನ ಗೋಡೆಯಲ್ಲಿ ಮಂಡಿಯ ಚಿತ್ರವನ್ನು ನೀವೂ ನೋಡಿರುತ್ತೀರಿ. ಮೂಳೆಗಳ ಸುತ್ತ ಅಲ್ಲಲ್ಲಿ ನೀಲಿ ಬಣ್ಣದ ಪುಟ್ಟ ಚೀಲಗಳು. ದೇವರಮನೆ ಒರೆಸುವಷ್ಟಕ್ಕೇ ಮಂಡಿ ಊದಿಸಿಕೊಂಡು ಬಂದಿದ್ದ ನಾನು, ಸರದಿ ಕಾಯುತ್ತಾ ಅದನ್ನೇ ನೋಡುತ್ತಿದ್ದೆ. ಸೋದರಮಾವ ನಿಂಗೇಗೌಡ ನೆನಪಾದ.

ತೊಂಬತ್ತರ ದಶಕ. ಬಿಂಡಿಗನವಿಲೆಯ ಕಡೆ ಹೊಸ ಮನೆ ಕಟ್ಟಿದವರೆಲ್ಲ ಕೆಂಪು ಗಾರೆ ನೆಲಕ್ಕೆ ಮಾವನನ್ನೇ ಕರೆಯುತ್ತಿದ್ದರು. ದಿನವಿಡೀ ಮಂಡಿಯೂರಿ, ಮುಖ ಕಾಣುವಂತೆ ಕರಣೆಯಿಂದ ಉಜ್ಜುತ್ತಿದ್ದ. ಊಟಕ್ಕೆ ಕೂಗಿದರೆ ಮಂಡಿಯ ಮೇಲೇ ಹಿಂದಕ್ಕೆ ಸರಿಯುತ್ತಾ ಬರುತ್ತಿದ್ದುದನ್ನು ಕಂಡು ನಾವು ನಗುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಅವನ ಬಲಮಂಡಿಯ ಮೇಲೆ ನಿಂಬೆಹಣ್ಣಿನಷ್ಟು ಊತ ಬಂತು. ಮುಟ್ಟಿದರೆ ಮೆತ್ತಗಿತ್ತು.

"ವಸಿ ದಿನ ಕೆಲ್ಸ ನಿಲ್ಸಿ ಅಂತೀನಿ," ಎಂದಳು ಅತ್ತೆ ಕೆಂಪಮ್ಮ.

"ಸುಮ್ಕಿರಮ್ಮಿ, ನೀರು ತುಂಬ್ಕಂಡದೆ ಅಷ್ಟೆಯಾ. ತೆಗುದ್ರೆ ಓಯ್ತದೆ," ಎಂದ ಮಾವ, ಗೋಣಿ ಹೊಲಿಯುವ ದಬ್ಬಳದಿಂದ ತಾನೇ ಚುಚ್ಚಿಕೊಂಡ. ಜಿಗುಟಾದ ಹಳದಿ ನೀರು ಇಳಿಯಿತು. "ಅಗುರಾಯ್ತು," ಎಂದು ನಕ್ಕು, ಬಟ್ಟೆ ಸುತ್ತಿಕೊಂಡು ಮತ್ತೆ ಹಸಿ ನೆಲಕ್ಕೆ ಮಂಡಿಯೂರಿದ.

ಊತ ಮರಳಿ ಬಂತು, ಈ ಸಲ ಕೆಂಪಗೆ, ಸುಡುವಷ್ಟು ಬಿಸಿಯಾಗಿ. ಚಳಿಜ್ವರ ಹತ್ತಿತು. ನಾಗಮಂಗಲದ ಬಸ್ಸಿನಲ್ಲಿ ನಾನೂ ಜೊತೆಗಿದ್ದೆ. ಕುಲುಕಿದಾಗಲೆಲ್ಲ ನರಳುತ್ತಿದ್ದವನು, ನಾಗಮಂಗಲ ಹತ್ತಿರ ಬರುವಷ್ಟರಲ್ಲಿ ನರಳುವುದನ್ನೂ ಬಿಟ್ಟ.

ಅಲ್ಲಿನ ಡಾಕ್ಟರು ಅತ್ತೆಗೆ ಬಿಡಿಸಿ ಹೇಳಿದರು: "ಕೀಲು ಕೆಟ್ಟಿಲ್ಲಮ್ಮ. ಚರ್ಮಕ್ಕೂ ಮಂಡಿಚಿಪ್ಪಿಗೂ ನಡುವೆ ಒಂದು ತೆಳು ಚೀಲ ಇರುತ್ತೆ, ಎಲ್ಲರಿಗೂ. ಚರ್ಮ ಮೂಳೆಗೆ ಉಜ್ಜದೆ ಜಾರಲಿ ಅಂತ ಒಳಗೆ ಒಂಚೂರು ಲೋಳೆ. ಮಂಡಿ ಊರಿ ಊರಿ ಅದು ಊದಿಕೊಂಡಿತ್ತು. ಬಿಡುವು ಕೊಟ್ಟಿದ್ರೆ ಬಹುಶಃ ಇಳೀತಿತ್ತು. ಚುಚ್ಚಿದ ತೂತಲ್ಲಿ ಕೀವಾಗಿ, ನಂಜು ರಕ್ತಕ್ಕೆ ಸೇರಿಬಿಟ್ಟಿದೆ."

ಅತ್ತೆ ಸೀರೆಯ ಮೇಲಿಂದಲೇ ತನ್ನ ಮಂಡಿಯನ್ನು ಸವರಿಕೊಂಡಳು. "ಆ ತೆಳ್ಳನ್ ಚೀಲಕ್ಕೆ ಜೀವ ಓಯ್ತದಾ ಸಾ?"

ಮೈಸೂರಿಗೆ ಸಾಗಿಸಿದೆವು. ಮಾವ ಅಲ್ಲಿಂದ ಬದುಕಿ ಬರಲಿಲ್ಲ.

ಅವನೇ ಹೊಳಪು ಕೊಟ್ಟಿದ್ದ ನಡುಮನೆಯಲ್ಲಿ ಅವನನ್ನು ಮಲಗಿಸಿದರು. ಮಣ್ಣು ಮಾಡಿ ಬಂದ ಮೇಲೆ, ಮನೆ ತೊಳೆಯಲು ಹೆಂಗಸರು ಬಟ್ಟೆ ಹಿಡಿದು ಮಂಡಿಯೂರಿದರು. ಅದುವರೆಗೂ ಅಳದಿದ್ದ ಅತ್ತೆ ಒಮ್ಮೆಲೇ ಕಿರುಚಿದಳು:

"ಏಳ್ರೇ ಮ್ಯಾಕೆ! ಯಾರೂ ಮಂಡಿ ಊರ್ಬ್ಯಾಡಿ ನನ್ ಮನೇಲಿ!"

ಎಲ್ಲರೂ ಎದ್ದರು. ಬಿಂದಿಗೆಗಟ್ಟಲೆ ನೀರು ಸುರಿದು, ನಿಂತೇ ಪೊರಕೆಯಲ್ಲಿ ಹೊರಕ್ಕೆ ತಳ್ಳಿದೆವು.

ಕ್ಲಿನಿಕ್ಕಿನ ಒಳಗಿನಿಂದ ನನ್ನ ಹೆಸರು ಕೂಗಿದರು. ಒಂದು ಮುಲಾಮು ಬರೆಸಿಕೊಂಡು, ಸಂಜೆಗೆ ಮತ್ತೆ ನೆಲ ಒರೆಸಲು ಮಂಡಿಯೂರೋಣವೆಂದು ಬಂದಿದ್ದವಳು ನಾನು. ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ಹೋದೆ.

"ಎಷ್ಟು ದಿನ ಸುಮ್ಮನಿರಬೇಕು ಹೇಳಿ ಡಾಕ್ಟ್ರೇ," ಎಂದೆ, "ಇರ್ತೀನಿ."