ಒಂದೇ ಪಂಕ್ತಿಯಲ್ಲಿ ಕುಳಿತ ಎರಡು ಗದ್ದೆ

ಈ ಸಂಶೋಧನೆಗೆ ನನ್ನ ಕಡೆಯಿಂದ ಹೋದದ್ದು ಒಂದು ಹೆಲ್ಮೆಟ್ಟು, ಎರಡು ಡಬ್ಬಿ ಕುಂದಾ ಮತ್ತು ಮನೆಯೊಳಗೆ ಕುಳಿತು ಊಟ ಮಾಡುವ ಹಕ್ಕು. ಹಕ್ಕು ವಾರದ ಮೇಲೆ ವಾಪಸ್ಸು ಸಿಕ್ಕಿತು. ಹೆಲ್ಮೆಟ್ಟು ಸಿಗಲಿಲ್ಲ.

ಕಾರಣ ಇಷ್ಟೇ. ಜೀವಾಮೃತವೆಂಬ ದ್ರವಗೊಬ್ಬರಕ್ಕೆ ಜವಾರಿ ಆಕಳಿನ ಸಗಣಿ, ಗಂಜಲ ಬೇಕು. ಖಾನಾಪುರದ ಆಚೆಯ ಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿರುವುದು ಎಮ್ಮೆ. ಹಾಗಾಗಿ ಬೆಳಗಾವಿಯಲ್ಲಿ ಪರಿಚಯದವರ ಆಕಳಿನಿಂದ ಕ್ಯಾನು ತುಂಬಿಸಿ ಸ್ಕೂಟರಿನಲ್ಲಿ ಒಯ್ಯುವ ಕೆಲಸ ನನಗೆ ಬಂತು. ಕುಂದಾ ಎರಡೂ ಅವರಿಗೇ ಹೋದವು. ಗಂಜಲಕ್ಕೆ ದುಡ್ಡು ಕೊಟ್ಟರೆ ಅದಕ್ಕೊಂದು ರೇಟು ಹುಟ್ಟುತ್ತದೆ. ಸಿಹಿ ಕೊಟ್ಟರೆ ಸ್ನೇಹ ಹುಟ್ಟುತ್ತದೆ. ಊರು ದಾಟಿದೆ, ಇನ್ನು ಹೆಲ್ಮೆಟ್ಟು ಯಾಕೆ ಎಂದು ಅದನ್ನು ಮುಂದಿನ ಕೊಕ್ಕೆಗೆ ಸಿಕ್ಕಿಸಿದೆ. ಗಾಡಿ ಒಂದು ತಗ್ಗಿಗೆ ಬಿತ್ತು, ಹೆಲ್ಮೆಟ್ಟಿನ ಕೆಳಗೇ ಇದ್ದ ಕ್ಯಾನಿನ ಮುಚ್ಚಳ ಹಾರಿತು. ಮುಂದಿನ ತಿರುವಿನಲ್ಲಿ ಪೊಲೀಸರನ್ನು ಕಂಡು ಅವಸರದಲ್ಲಿ ಹೆಲ್ಮೆಟ್ಟು ಹಾಕಿಕೊಂಡೆ. ಆಮೇಲಿನದನ್ನು ನನ್ನ ಹೆಂಡತಿ ಹೇಳಬೇಕು, ಆಕೆ ಚೆನ್ನಾಗಿ ಹೇಳುತ್ತಾಳೆ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಹಳೆಯ ಯಂತ್ರ ಕೊಂಡು ಮಾರುವವನು. ಫೌಂಡ್ರಿ ಗೇಟಿನ ಹೊರಗೆ ಮೋಡಕಾ, ಅಂದರೆ ಗುಜರಿ ಕಬ್ಬಿಣ, ಆರಿಸುತ್ತ ಶುರು ಮಾಡಿದವನು. ಒಕ್ಕಲುತನದ ವ್ಯವಹಾರಕ್ಕೆ ಅಕ್ಕ ನನ್ನನ್ನು ಕರೆದದ್ದು ಬೆಳೆ ಗೊತ್ತೆಂದಲ್ಲ, ಚೌಕಾಸಿ ಗೊತ್ತೆಂದು. ಕೃಷಿ ಸಂಶೋಧನೆ ಮಾಡುವ ಹೆಂಗಸು, ಊರವರ ಬಾಯಲ್ಲಿ 'ಬಾಯಿಯವರು', ಊರಿಗೆ ಬಂದು, "ನಾವು ಹೇಳೂದು, ನೀವು ಕೇಳೂದು ಅಲ್ರೀ. ಕೂಡಿ ಪರೀಕ್ಷೆ ಮಾಡೂಣು," ಎಂದಿದ್ದರು. ಬದುವಿನ ಈ ಕಡೆಯ ಭತ್ತಕ್ಕೆ ಜೀವಾಮೃತ, ಆ ಕಡೆಗೆ ಏನೂ ಇಲ್ಲ. ಎರಡನ್ನೂ ಹೋಲಿಸಿ ನೋಡುವುದು.

"ಅದರಾಗ ನಮಗೇನ್ರಿ?" ಎಂದೆ.

ಅವರು ಕಳೆ ತೆಗೆಯುವ ಯಂತ್ರ ತೋರಿಸಿದರು. ನಿಂತುಕೊಂಡೇ ಸಾಲಿನ ನಡುವೆ ದೂಡುವಂಥದ್ದು. ಅಕ್ಕ ಮಳೆಗಾಲವೆಲ್ಲ ಕೆಸರಿನಲ್ಲಿ ಬಗ್ಗಿ ಕಳೆ ಕಿತ್ತು, ದೀಪಾವಳಿಗೂ ಸೊಂಟ ಪೂರ್ತಿ ನೆಟ್ಟಗಾಗದ ಹೆಂಗಸು. ಅದನ್ನು ಗದ್ದೆಯ ಆ ತುದಿಯವರೆಗೆ ದೂಡಿ, ನೆಟ್ಟಗೆ ನಡೆದು ಬಂದವಳೇ ನನ್ನ ಕಿವಿಯಲ್ಲಿ, "ತಮ್ಮಾ, ಏನರೆ ಮಾಡು, ಇದನ್ನ ಬಿಡಬ್ಯಾಡ. ನನ್ನ ಟೊಂಕ ಇದರ ಕೈಯಾಗ ಐತಿ," ಎಂದಳು.

ಬಾಯಿಯವರು ಸುಗ್ಗಿಯಾದ ಮೇಲೆ ವಾಪಸ್ಸು ಕೊಡಬೇಕು ಎಂದರು. ನಾನು ಎರಡು ಚಹದ ಹೊತ್ತು ಜಗ್ಗಾಡಿದೆ. ಕಡೆಗೆ ಕರಾರಾಯಿತು: ಪರೀಕ್ಷೆ ಸರಿಯಾಗಿ ಮುಗಿದರೆ ಯಂತ್ರ ಇಲ್ಲೇ ಉಳಿಯುತ್ತದೆ, ಕೆಟ್ಟರೆ ಬೇರೆ ಊರಿಗೆ ಹೋಗುತ್ತದೆ.

ನಾಟಿಯಾಗಿ ಕೆಲವು ವಾರಕ್ಕೆ ಬಾಯಿಯವರು ಬಂದು ನೋಡಿದರೆ ಎರಡೂ ಕಡೆ ಒಂದೇ ಹಸಿರು. ಬದುವಿನಲ್ಲಿ ಏಡಿಗಳ ಬಿಲವಿದೆ, ಅದರೊಳಗಿಂದ ಜೀವಾಮೃತ ಆ ಕಡೆ ಸೋರುತ್ತಿದೆ ಎಂದು ನಾನೇ ಪತ್ತೆ ಹಚ್ಚಿದೆ. ಬಿಲಗಳನ್ನೆಲ್ಲ ಮುಚ್ಚಿಸಿದೆ. ಏಡಿಗಳು ಬೇರೆ ಮನೆ ಮಾಡಿಕೊಂಡವು, ಬಣ್ಣ ಮಾತ್ರ ಬದಲಾಗಲಿಲ್ಲ.

ಒಂದು ದಿನ ಬಾಯಿಯವರು ಹೇಳದೇ ಬಂದರು. ನಾನೂ ಅಲ್ಲೇ ಇದ್ದೆ. ಅಕ್ಕ ಖಾಲಿ ಕಡೆಯ ಗದ್ದೆಯಲ್ಲಿ ಬಕೀಟು ಬಗ್ಗಿಸುತ್ತಿದ್ದಳು.

"ಅಕ್ಕಾರ, ಇದೇನ್ರಿ?"

"ಜೀವಾಮೃತ ಅಲ್ರೀ ಬಾಯಾರ. ಬಕೀಟ ತೊಳದ ನೀರು."

"ಎಷ್ಟ ಸಲ ತೊಳೀತೀರ್ರಿ?"

"ಸ್ವಚ್ಛ ಆಗೂ ಮಟಾ."

ನಾನು ಇಣುಕಿದೆ. ತೊಳೆದ ನೀರು ಪಾಯಸದಷ್ಟು ಗಟ್ಟಿ ಇತ್ತು. "ಅಕ್ಕಾ, ಯಂತ್ರ ಹೋಗತೈತಲ್ಲ!" ಎಂದೆ.

"ಹೋಗಬಾರದು," ಎಂದಳು. "ಖರೇ ಹೇಳು, ಒಂದ ಪಂಕ್ತ್ಯಾಗ ಕುಂತಾವ. ಇವಂಗ ಹುಗ್ಗಿ, ಅವಂಗ ಬರೇ ಎಲಿ! ನಮ್ಮ ಮನ್ಯಾಗ ಹಂಗ ಬಡಿಸಿದ್ದು ಯಾವಾಗರೆ ನೋಡೀಯೇನು?"

ಅಕ್ಕನೊಬ್ಬಳೇ ಅಲ್ಲ. ಇದೇ ಪರೀಕ್ಷೆಗೆ ಸೇರಿದ್ದ ಬಾಜು ಗದ್ದೆಯ ಕಾಕಾ ದಿನಾಲೂ ಎಮ್ಮೆಯನ್ನು ಬದುವಿನ ಮೇಲೆ, ಬಾಲ ಬರೋಬ್ಬರಿ ಖಾಲಿ ಕಡೆಗೆ ಬರುವಂತೆ ಕಟ್ಟುತ್ತಿದ್ದರು. ಕೇಳಿದರೆ, "ಎಮ್ಮಿಗೆ ಸಂಶೋಧನಾ ತಿಳಿಯಂಗಿಲ್ರೀ. ನಾ ಏನ ಮಾಡ್ಲಿ?" ಎಂದರು.

ಬಾಯಿಯವರು ತಲೆಗೆ ಕೈ ಹಚ್ಚಿದರು. ಅಕ್ಕ ಯಂತ್ರದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಈಗ ನಾನು ಬಾಯಿ ಹಾಕದೆ ವಿಧಿಯಿರಲಿಲ್ಲ.

"ಅಕ್ಕಾ, ಆ ಕಡೇದು ಉಪವಾಸ ಹಿಡದೈತಿ ಅಂತ ತಿಳಕೋ. ಉಪವಾಸ ಇದ್ದವರಿಗೆ ಬಡಸಲಿಲ್ಲಂದ್ರ ಪಾಪ ಇಲ್ಲ."

"ಉಪವಾಸ ಅಂದ್ರ ಸಾಬೂದಾಣಿ ಖಿಚಡಿ ಬೇಕು, ಬಾಳಿಹಣ್ಣ ಬೇಕು, ಶೇಂಗಾದ ಉಂಡಿ ಬೇಕು. ನೀ ಏಕಾದಶಿ ದಿನಾ ತಿನ್ನೂದು ನಾ ನೋಡಿಲ್ಲೇನು?"

"ನಿರ್ಜಲ ಉಪವಾಸ ಅನ್ನು."

"ನಿಂತದ್ದ ಟೊಂಕಮಟ ನೀರಾಗ. ಯಾವ ನಿರ್ಜಲಪ್ಪಾ ಇದು?"

ಬಾಯಿಯವರು ನಗು ತಡೆಯಲಾರದೆ ಬದುವಿನ ಮೇಲೆ ಕುಳಿತುಬಿಟ್ಟರು. ಏಡಿಯೊಂದು ಬಂದದ್ದರಿಂದ ಬೇಗ ಎದ್ದರು. "ಅಕ್ಕಾರ, ನಾವು ಬರೂಕಿಂತ ಮೊದಲ ಈ ಗದ್ದಿಗೆ ಏನ ಹಾಕ್ತಿದ್ರಿ?" ಎಂದರು.

"ಎಮ್ಮಿ ಗೊಬ್ಬರ."

ಅವರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದರು. ಗಿರಾಕಿ ಹಾಗೆ ತೂಗಿ ನೋಡುವಾಗಲೇ ಮಾತು ಮುಗಿಸಬೇಕು. ನಾನು, "ಅದನ್ನ ಹಾಕಲಿ ಬಿಡ್ರಿ. ಈ ಕಡೆ ಜೀವಾಮೃತ, ಆ ಕಡೆ ಎಮ್ಮಿ ಗೊಬ್ಬರ. ಇಬ್ಬರಿಗೂ ಊಟ, ಪಲ್ಯೆ ಅಷ್ಟ ಬ್ಯಾರೆ," ಎಂದೆ.

"ನಡೀತೈತಿ," ಎಂದರು ಬಾಯಿಯವರು. "ಹಂಗ ನೋಡಿದ್ರ ಅದ ಚಲೋ ಪರೀಕ್ಷಾ. ಗದ್ದೀನ ಬರೇ ಹೊಟ್ಟೀಲೆ ಇಟ್ಟ ಭತ್ತ ಬೆಳಿಯೂ ರೈತರು ಯಾರ ಅದಾರ? ಆದ್ರ ಈ ವರ್ಷದ್ದು ಕೆಟ್ಟಂಗ. ಮುಂದಿನ ಮಳಿಗೆ ಹೊಸದಾಗಿ."

"ಅಲ್ಲೀತನಾ ಯಂತ್ರ?"

"ಕರಾರ ಐತಲ್ರೀ."

"ಒಯ್ಯೂದು ಯಾಕ, ಮತ್ತ ತರೂದು ಯಾಕ್ರೀ? ನೆನದ ಯಂತ್ರ ಗಾಡ್ಯಾಗ ಹಾಕಿದ್ರ ತುಕ್ಕ ಹಿಡೀತೈತಿ."

ತುಕ್ಕಿನ ಮಾತು ಪೂರ್ತಿ ಸುಳ್ಳಲ್ಲ. ಅವರು ಒಪ್ಪಿದರು. ಒಂದೇ ಷರತ್ತು: ಬಕೀಟನ್ನು ಮನೆಯ ಹಿತ್ತಲಲ್ಲಿ ತೊಳೆಯಬೇಕು. ಆ ವರ್ಷ ಅಕ್ಕನ ಹಿತ್ತಲಿನ ಬದನೆ ಗಿಡಗಳು ಎದೆಮಟ ಬೆಳೆದವು. ಅದು ಯಾವ ಪರೀಕ್ಷೆಗೂ ಸೇರಿರಲಿಲ್ಲ.

ಮರುವರ್ಷದ ಪಂಕ್ತಿಯಲ್ಲಿ ಇಬ್ಬರಿಗೂ ಊಟವಾಯಿತು, ಯಾರೂ ಕದ್ದು ಬಡಿಸಲಿಲ್ಲ. ಸುಗ್ಗಿಯಲ್ಲಿ ಅಕ್ಕನ ಗದ್ದೆಯಲ್ಲಿ ಜೀವಾಮೃತದ ಕಡೆ ತುಸು ಮುಂದೆ, ಕಾಕಾರ ಗದ್ದೆಯಲ್ಲಿ ಗೊಬ್ಬರದ ಕಡೆ ತುಸು ಮುಂದೆ. ಇಬ್ಬರೂ ಇಡೀ ದಿನ ವಾದ ಮಾಡಿದರು. ಬಾಯಿಯವರಿಗೆ ಖುಷಿಯೋ ಖುಷಿ: "ಈಗ ನೋಡ್ರಿ, ಕೇಳೂವಂಥಾ ಪ್ರಶ್ನಿ ಸಿಕ್ತು!" ಯಂತ್ರ ಅಕ್ಕನ ಪಡಸಾಲೆಯಲ್ಲೇ ಉಳಿಯಿತು. ಈಗ ಆಕೆ ಕಳೆ ಇಲ್ಲದ ಕಡೆಯೂ ಅದನ್ನು ದೂಡಿಕೊಂಡು ನೆಟ್ಟಗೆ ತಿರುಗುತ್ತಾಳೆ.

ನಿಮ್ಮೂರಿಗೂ ಇಂಥವರು ಬಂದರೆ ಧಾರಾಳವಾಗಿ ಹೂಂ ಅನ್ನಿ. ಅನ್ನುವ ಮೊದಲು ಬದುವಿನ ಆ ಕಡೆಗೆ ಏನು ಎಂದು ಕೇಳಿ. 'ಏನೂ ಇಲ್ಲ' ಎಂದರೆ ನಿಮ್ಮ ಕೈಲಾಗುವುದಿಲ್ಲವೆಂದು ಅಲ್ಲೇ ಹೇಳಿ. ಅವರಿಗೆ ಬೇಜಾರಾಗುವುದಿಲ್ಲ, ಕೂಡಿ ಮಾಡೋಣ ಎಂದವರೇ ಅವರು. ಯಂತ್ರ ತೋರಿಸಿದರೆ ನೀವು ದೂಡಿ ನೋಡಬೇಡಿ, ದಿನಾ ದೂಡುವವರ ಕೈಗೆ ಕೊಡಿ. ಹಿಡಿ ಉದ್ದವೆನಿಸಿದರೆ ಸಂಕೋಚ ಬೇಡ, ದೂಡುವವರ ಅಳತೆಗೆ ಕತ್ತರಿಸಿಕೊಡಲು ಮೊದಲೇ ಒಪ್ಪಿಸಿ. ಕರಾರಿಗೆ ಕೂಡುವ ದಿನ ಚಹ ಮಾತ್ರ ನಿಮ್ಮದೇ ಇರಲಿ; ಎಷ್ಟು ಚಹದ ಹೊತ್ತು ಜಗ್ಗಾಡಬೇಕೆಂಬುದು ಆಗ ನಿಮ್ಮ ಕೈಯಲ್ಲಿರುತ್ತದೆ.