ಲವಂಗ ಹತ್ತಿದ ಹಿಮಶಿಖರ

ಪಲಾವಿಗೆಂದು ಲವಂಗದ ಡಬ್ಬಿ ತೆಗೆದೆ ನೋಡಿ, ಆ ವಾಸನೆಗೆ ಬೆರಳ ತುದಿಗಳು ಜುಮ್ಮೆಂದು ತಣ್ಣಗಾದವು! ಪಕ್ಕದ ಮನೆಯ ಆಂಟಿ ನೆನಪಾದರು...

ನಾನು ಚಿಕ್ಕವಳಿದ್ದಾಗ, ಅಮೆರಿಕದ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನಲ್ಲಿ, ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ನಾನಿರುತ್ತಿದ್ದದ್ದು ಅವರ ಮನೆಯಲ್ಲೇ. ಅವರ ಹಳೇ ಫ್ರಿಜ್‌ನಲ್ಲಿ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಸಂದಿಯಿಂದ ಗಾಳಿ ನುಗ್ಗಿ, ಹಿಮ ಕಟ್ಟಿ ಕಟ್ಟಿ, ಒಳಗೊಂದು ಬೆಟ್ಟವೇ ಎದ್ದಿತ್ತು. ಬೇರೆಯವರಾದರೆ ಕೆರೆದು ಬಿಸಾಡುತ್ತಿದ್ದರು. ಆಂಟಿ ತೆಂಗಿನತುರಿ, ಅವರೆಕಾಳಿನ ಪ್ಯಾಕೆಟ್ಟುಗಳನ್ನು ಸರಿಸಿ ಬೆಟ್ಟಕ್ಕೆ ಜಾಗ ಮಾಡಿಕೊಟ್ಟರು.

"ಅಂಟಾರ್ಟಿಕಾ ಕಣೇ ಇದು! ಊರಿಲ್ಲ, ರಸ್ತೆ ಇಲ್ಲ, ಇದರ ತುದಿಗೆ ಇನ್ನೂ ಯಾರೂ ಹತ್ತಿಲ್ಲ. ಬಾಗಿಲು ಹಾಕಿದ್ರೆ ತಿಂಗಳುಗಟ್ಟಲೆ ರಾತ್ರಿ, ತೆಗೆದ್ರೆ ತಿಂಗಳುಗಟ್ಟಲೆ ಹಗಲು" ಎನ್ನುತ್ತ ಒಂದು ಲವಂಗವನ್ನು ನನ್ನ ಕೈಗಿಟ್ಟರು. ಟೋಪಿ ಹಾಕಿಕೊಂಡ ಮನುಷ್ಯನ ಹಾಗೇ ಇತ್ತದು. "ಇದು ನೀನು. ಹತ್ತು."

ದಿನಕ್ಕೆ ಒಂದೇ ಹೆಜ್ಜೆ. ಸ್ಕೂಲ್ ಬಸ್ಸಿಳಿದು ಓಡಿ ಬಂದು, ಕುರ್ಚಿ ಹತ್ತಿ, ಲವಂಗವನ್ನು ಒಂದು ಬೆರಳಗಲ ಮೇಲಕ್ಕೆ ಚುಚ್ಚಬೇಕು. ಆಂಟಿ ಹಿಂದಿನಿಂದ ಬಾಯಲ್ಲೇ ಬಿರುಗಾಳಿ ಎಬ್ಬಿಸುತ್ತಿದ್ದರು. ಕ್ಲಾಸಿನಲ್ಲಿ ಕೂತರೂ ನನ್ನ ಜೀವವೆಲ್ಲ ಆ ಬೆಟ್ಟದಲ್ಲೇ.

ಅಷ್ಟರಲ್ಲಿ ಬಾಡಿಗೆ ಮನೆಗಳನ್ನು ನೋಡಿಕೊಳ್ಳುವ ಲೀಸಿಂಗ್ ಆಫೀಸಿನವರು ಹೊಸ ಫ್ರಿಜ್ ಕಳಿಸುತ್ತೇವೆ ಎಂದರು. ನನ್ನ ಲವಂಗಕ್ಕೆ ತುದಿ ಇನ್ನೂ ದೂರವಿತ್ತು. ಇವತ್ತು ನೆಂಟರು, ನಾಳೆ ಹಬ್ಬ ಎಂದು ಆಂಟಿ ರೈಲು ಬಿಟ್ಟೂ ಬಿಟ್ಟೂ ಮುಂದೂಡಿದರು. ಕೊನೆಗೊಂದು ಮಧ್ಯಾಹ್ನ ಫ್ರಿಜ್ ಬಾಗಿಲಿಗೇ ಬಂದು ನಿಂತಿತು. ನನಗೆ ಇನ್ನೊಂದೇ ಹೆಜ್ಜೆ ಬಾಕಿ!

"ಒನ್ ಮಿನಿಟ್! ಶಿ ಈಸ್ ಕ್ಲೈಂಬಿಂಗ್!" ಎಂದು ಆಂಟಿ ಅಡ್ಡ ನಿಂತರು. ಫ್ರಿಜ್ ತಂದವನಿಗೆ ತಲೆಬುಡ ತಿಳಿಯಲಿಲ್ಲ. ನಾನು ಉಸಿರು ಬಿಗಿಹಿಡಿದು ಲವಂಗವನ್ನು ಬೆಟ್ಟದ ನೆತ್ತಿಗೆ ಚುಚ್ಚಿದೆ. ಆಂಟಿ ಕೇಕೆ ಹಾಕಿದರು, ಪಾಪ ಆತನೂ ಚಪ್ಪಾಳೆ ತಟ್ಟಿದ. ಹಳೇ ಫ್ರಿಜ್ ಬೆಟ್ಟದ ಸಮೇತ ಮೆಟ್ಟಿಲಿಳಿದು ಹೋಯಿತು, ತುದಿಯಲ್ಲಿ ನಾನಿದ್ದ ಹಾಗೇ...

ಹೋದ ವರ್ಷ ಆಂಟಿ ತೀರಿಕೊಂಡರು. ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಅವಳು ಕುರ್ಚಿ ಎಳೆದುಕೊಂಡು ಬಂದಿದ್ದಳು. "ಅಮ್ಮ, ಕ್ಯಾನ್ ಐ ಕ್ಲೈಂಬ್ ಟೂ?"

ಫ್ರೀಜರ್ ತೆಗೆದೆ. ಒಳಗೆ ನುಣ್ಣನೆಯ ಬೋಳು ಗೋಡೆ. ಈಗಿನ ಫ್ರಿಜ್‌ಗಳಲ್ಲಿ ಹಿಮ ಕಟ್ಟುವುದೇ ಇಲ್ಲ. ಆಂಟಿ ಇನ್ನಿಲ್ಲ ಎನ್ನುವುದು ಆಗ ನನಗೆ ಸರಿಯಾಗಿ ತಟ್ಟಿತು, ಅಳು ಬಂದುಬಿಟ್ಟಿತು.

"ಸ್ವಲ್ಪ ದಿನ ತಡಿ ಪುಟ್ಟಿ" ಎಂದು ಮಗಳ ಅಂಗೈಗೊಂದು ಲವಂಗ ಇಟ್ಟೆ. ಆಮೇಲೆ ಫ್ರೀಜರಿನ ಬಾಗಿಲು ಪೂರ್ತಿ ಮುಚ್ಚದ ಹಾಗೆ ಸಂದಿಗೆ ಒಂದು ಚಮಚ ಸಿಕ್ಕಿಸಿದೆ.