ಬೇಳೆ ಬೇಯುತ್ತಿದ್ದ ನೀರು

ಕುಕ್ಕರ್ ಎಂಟನೇ ಸಲ ಕೂಗಿತು. ಮುಚ್ಚಳ ತೆಗೆದು ನೋಡಿದರೆ ತೊಗರಿಬೇಳೆ ಹಾಕಿದಾಗ ಹೇಗಿತ್ತೋ ಹಾಗೇ ಇದೆ. ಸೌಟಿನ ಬೆನ್ನಿನಿಂದ ಒತ್ತಿದರೆ ಪಕ್ಕಕ್ಕೆ ಜಾರುತ್ತದೆಯೇ ಹೊರತು ಒಡೆಯುವುದಿಲ್ಲ. ಮಂಡ್ಯಕ್ಕೆ ಬಂದು ಇಷ್ಟು ವರ್ಷವಾದರೂ ನಮ್ಮ ಬೀದಿಯ ಬೋರ್ ನೀರಿಗೂ ನನಗೂ ಹೊಂದಾಣಿಕೆಯಾಗಿಲ್ಲ. ನಲ್ಲಿಯಲ್ಲಿ ಕಾವೇರಿ ನೀರು ಬಂದ ದಿನ ಹೇಗೋ ಆಗುತ್ತದೆ, ಬಾರದ ದಿನ ಇದೇ ಗೋಳು. ಕೊನೆಗೆ ಹಲ್ಲು ಕಚ್ಚಿಕೊಂಡು ಒಂದು ಚಿಟಿಕೆ ಸೋಡಾ ಹಾಕಿದೆ. ಹಾಕಿದ ಕೂಡಲೇ ಅಡುಗೆಮನೆಯಲ್ಲಿ ಸಾಬೂನಿನಂಥ ವಾಸನೆ ಎದ್ದಿತು. ಸೌದೆ ಒಲೆಯ ಮೇಲೆ, ಒಳ್ಳೆಯ ನೀರಿನಲ್ಲಿ, ಒಂದು ತೊಟ್ಟು ಹರಳೆಣ್ಣೆ ಬಿದ್ದು ಉಕ್ಕುವ ಬೇಳೆಯ ಘಮ ಮೂಗಿಗೆ ಹತ್ತಿಸಿಕೊಂಡು ಬೆಳೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ ನನ್ನ ಸಿಟ್ಟು ಅರ್ಥವಾದೀತು. ಉಳಿದವರು ನಕ್ಕರೂ ನನಗೆ ಬೇಸರವಿಲ್ಲ.

ನಮ್ಮ ಮನೆ ಇದ್ದದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಒಂದು ಊರಿನಲ್ಲಿ, ಕಲ್ಲುಗುಡ್ಡದ ಬುಡಕ್ಕೆ ಅಂಟಿಕೊಂಡು. ಮನೆ ತುಂಬ ಜನ. ಆದರೆ ಈ ನೆನಪಿಗೆ ಬೇಕಾದವರು ಇಬ್ಬರೇ, ಅಜ್ಜಿ ಮತ್ತು ಅವಳ ಹಿರೀಮಗ ನಮ್ಮ ದೊಡ್ಡಪ್ಪ. ಗುಡ್ಡದ ಅರ್ಧಕ್ಕೆ ಹತ್ತಿದರೆ ದಿಂಡಿಗದ ಮರಗಳ ಗುಂಪು, ಅದರ ನೆರಳಿನಲ್ಲಿ ಬಂಡೆ ತಾನೇ ತೊಟ್ಟಿಯಾದಂಥ ಒಂದು ದೊಣೆ. ಬಂಡೆಯ ಸೀಳಿನಿಂದ ವರ್ಷವಿಡೀ ನೀರು ಜಿನುಗಿ ಅಲ್ಲಿ ನಿಲ್ಲುತ್ತಿತ್ತು. ಮನೆ ಹಿತ್ತಲಿನ ಬಾವಿ ನೀರು ದನಕ್ಕೆ, ಬಟ್ಟೆಗೆ. ದೊಣೆಯ ನೀರು ಕುಡಿಯಲಿಕ್ಕೆ ಮತ್ತು ಬೇಳೆಗೆ. ಸಂಕ್ರಾಂತಿಗೆ ಹೊಸ ತೊಗರಿ ಒಡೆಸಿ ತಂದ ದಿನ ಅಜ್ಜಿ ಎರಡು ಮಡಕೆ ಇಡುತ್ತಿದ್ದಳು. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ದೊಣೆ ನೀರು, ಎರಡಕ್ಕೂ ಒಂದೊಂದು ಹಿಡಿ ಬೇಳೆ. ದೊಣೆಯದು ಕರಗಿ ಬೆಣ್ಣೆಯಾಗುವ ಹೊತ್ತಿಗೆ ಬಾವಿಯದು ಇನ್ನೂ ಮೈ ಮುರಿಯುತ್ತಿರುತ್ತಿತ್ತು. ಗೆಲ್ಲುವುದು ಯಾವುದೆಂದು ಎಲ್ಲರಿಗೂ ಗೊತ್ತಿದ್ದರೂ ನಾವೆಲ್ಲ ಒಲೆಯ ಸುತ್ತ ಕೂತು ನೋಡುತ್ತಿದ್ದೆವು. ನಮ್ಮ ಮನೆಯ ಹೆಣ್ಣು ಕೇಳಲು ಬಂದವರನ್ನೂ ಅಜ್ಜಿ ಮೊದಲು ಕೇಳುತ್ತಿದ್ದದ್ದು, "ನಿಮ್ಮೂರ್ ನೀರಲ್ಲಿ ಬ್ಯಾಳೆ ಬೇಯ್ತದಾ?" ಎಂದೇ. ನನ್ನನ್ನು ಕೇಳಲು ಮಂಡ್ಯದವರು ಬರುವ ಹೊತ್ತಿಗೆ ಅವಳಿರಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ದಿಂಡಿಗದ ಮರಗಳು ಅಂಟು ಸುರಿಸತೊಡಗಿದವು. ಅಲ್ಲಿಯವರೆಗೆ ಹುಣಸೆಬೀಜದಷ್ಟು ಅಂಟು ಸಿಕ್ಕರೆ ಅದನ್ನು ನೆನೆಸಿ ಪುಸ್ತಕಕ್ಕೆ ರಟ್ಟು ಅಂಟಿಸಿಕೊಳ್ಳುತ್ತಿದ್ದವಳು ನಾನು. ಆ ವರ್ಷ ಒಂದೊಂದು ಮರದಲ್ಲೂ ನಿಂಬೆಹಣ್ಣಿನ ಗಾತ್ರದ ಗಟ್ಟಿಗಳು, ಬಿಸಿಲಿಗೆ ಹಿಡಿದರೆ ಜೇನಿನ ಬಣ್ಣ. ಅಂಟು ಸೋರುವಲ್ಲೆಲ್ಲ ಪೆನ್ಸಿಲ್ ತೂರುವಂಥ ಸಣ್ಣ ತೂತುಗಳಿದ್ದವು. ಮರದ ಬುಡದಲ್ಲಿ ರಾಗಿಹಿಟ್ಟಿನ ಹಾಗೆ ನುಣ್ಣನೆಯ ಪುಡಿ ಬಿದ್ದಿತ್ತು. ಕಿವಿಯಿಟ್ಟರೆ ಒಳಗೆ ಏನೋ ಕರಕರ ಅನ್ನುತ್ತಿತ್ತು. ಹುಳು ಎಂದು ನನಗೆ ಗೊತ್ತಾಗಲಿಲ್ಲವೇ? ಚೆನ್ನಾಗಿ ಗೊತ್ತಾಯಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಊರ ಮಕ್ಕಳೆಲ್ಲ ಅಂಟಿಗೆ ಮುತ್ತಿಕೊಳ್ಳುತ್ತಾರಲ್ಲ ಎಂದು. ಒಂದು ಗಾಜಿನ ಭರಣಿ ತುಂಬಿಸಿ ಮನೆಗೆ ತಂದೆ. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, "ಒಂದೇ ಮರದ್ದಾ?" ಎಂದಳು. "ಎಲ್ಲಾ ಮರದ್ದು" ಎಂದೆ. ಅವಳು ಭರಣಿಯನ್ನು ವಾಪಸು ಕೊಟ್ಟು ಒಲೆ ಕಡೆ ತಿರುಗಿದಳು.

ಮುಂದಿನ ಯುಗಾದಿಗೆ ಆ ಮರಗಳು ಚಿಗುರಲಿಲ್ಲ. ಕೆಳಗಿನಿಂದ ನೋಡಿದರೆ ಗುಡ್ಡದ ಒಂದು ಮಗ್ಗುಲು ಬೂದಿ ಬಳಿದುಕೊಂಡಂತೆ ಕಾಣುತ್ತಿತ್ತು, ಮಾರನೇ ವರ್ಷಕ್ಕೆ ಇನ್ನೊಂದು ಮಗ್ಗುಲೂ ಹಾಗೇ ಆಯಿತು. ಇಷ್ಟಾದರೂ ಮನೆಯಲ್ಲಿ ಯಾರಿಗಾದರೂ ದಿಗಿಲಾಯಿತೇ ಎಂದರೆ, ಇಲ್ಲ, ಹಬ್ಬವಾಯಿತು. ಒಣಸೌದೆ ಕೈಗೆಟುಕುವಂತೆ ಬಿದ್ದಿತ್ತು. ಅದಕ್ಕಿಂತ ಹೆಚ್ಚಾಗಿ, ದೊಣೆಯಲ್ಲಿ ನೀರು ಏರಿತು. ತಳ ಕಾಣಬೇಕಾದ ಬಿರುಬೇಸಗೆಯಲ್ಲಿ ಅದು ತುಂಬಿ, ಬಂಡೆ ಮೇಲಿಂದ ಇಳಿದು ನಮ್ಮ ಹೊಲದವರೆಗೆ ಹರಿಯಿತು. ದೊಡ್ಡಪ್ಪನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಬೆಟ್ಟದವ್ವ ಕಣ್ ಬುಟ್ಟವ್ಳೆ ಕಣವ್ವ" ಎಂದು ಅಜ್ಜಿಗೆ ಹೇಳಿ, ಹೆಂಗಸರ ಕೈಯಲ್ಲಿ ತಂಬಿಟ್ಟಿನಾರತಿ ಹೊರಿಸಿ ಗುಡ್ಡ ಹತ್ತಿಸಿದ. ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಬಾಳೆ ಇಟ್ಟ. ಗುಡ್ಡದ ಬುಡದಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿ ಕಟ್ಟಿಸಿದ. ಅಜ್ಜಿ ಒಂದೇ ಒಂದು ಸಲ, "ಆರೋ ದೀಪ ಜೋರಾಗ್ ಉರೀತದೆ ಕಣ್ಲಾ" ಎಂದಳು. "ನೀನೊಬ್ಳು ಸುಮ್ಕಿರವ್ವ, ಒಳ್ಳೇದಾದ್ರೂ ನಿಂದು ಅದೇ ರಾಗ" ಎಂದು ದೊಡ್ಡಪ್ಪ ಅವಳ ಬಾಯಿ ಮುಚ್ಚಿಸಿದ.

ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನೀರು ಹೆಚ್ಚಿದ್ದು ಏಕೆಂದು ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಮರ ಸತ್ತರೆ ಅದು ಕುಡಿಯುತ್ತಿದ್ದ ನೀರು ಕುಡಿಯುವವರಿಲ್ಲದೆ ನೆಲದಲ್ಲೇ ಉಳಿಯುತ್ತದೆ, ಉಳಿದದ್ದು ಕೆಳಗೆ ಹರಿಯುತ್ತದೆ, ಅಷ್ಟೇ. ಸತ್ತವರ ಪಾಲಿನ ಊಟ ನಮ್ಮ ತಟ್ಟೆಗೆ ಬಿದ್ದಿತ್ತು, ನಾವು ಅದಕ್ಕೆ ಆರತಿ ಎತ್ತಿದೆವು. ಇಡೀ ಗುಡ್ಡ ಕಣ್ಣೆದುರಿಗೇ ಒಣಗಿ ನಿಂತಿದ್ದರೂ ತಲೆಯೆತ್ತಿ ನೋಡಿದವರಿಲ್ಲ, ಎಲ್ಲರ ಕಣ್ಣೂ ತೊಟ್ಟಿಯ ಮೇಲೆ. ಏನು ಜನ ನಾವು.

ಆಮೇಲಿನ ಮಳೆಗಾಲದಲ್ಲಿ ಗುಡ್ಡದ ಮಣ್ಣು ಹಿಡಿಯಲು ಬೇರಿರಲಿಲ್ಲ, ಹನಿ ತಡೆಯಲು ಎಲೆಯಿರಲಿಲ್ಲ. ಮೊದಲ ಜೋರು ಮಳೆಗೆ ಮಣ್ಣು ಜಾರಿ ದೊಣೆ ಅರ್ಧ ತುಂಬಿತು. ದೊಡ್ಡಪ್ಪ ಎತ್ತಿ ಹಾಕಿಸಿದ, ಮತ್ತೆ ತುಂಬಿತು. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಕೊಳೆತ ಎಲೆಯ ವಾಸನೆ ಹೊಡೆಯತೊಡಗಿತು. ಅಜ್ಜಿ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು. ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯ್ದು ರಾತ್ರಿಯಿಡೀ ತಿಳಿಯಾಗಲು ಬಿಟ್ಟಳು. ಮಣ್ಣು ಕೆಳಗೆ ಕೂತಿತು, ಬಣ್ಣ ಕೂರಲಿಲ್ಲ. ಆ ನೀರಿನಲ್ಲೂ ಬೇಳೆ ಬೆಂದಿತು, ಆದರೆ ಸಾರು ಕಪ್ಪಾಗಿ ಕಮಟು ಬಂತು. ಮಕ್ಕಳಿಗೆ ಹೊಟ್ಟೆ ಕೆಟ್ಟಮೇಲೆ ಅವಳೇ ಆ ನೀರು ತರುವುದನ್ನು ನಿಲ್ಲಿಸಿದಳು. ಮಳೆನೀರು ಇಂಗದೆ ಮಣ್ಣಿನ ಜೊತೆಗೇ ಹರಿದುಹೋಗಿದ್ದರಿಂದ ಅದರ ಮುಂದಿನ ಬೇಸಗೆಗೆ ಬಂಡೆಯ ಸೀಳು ಒಣಗಿತು. ಬಾಳೆ ನಿಂತಲ್ಲೇ ಸುಟ್ಟುಹೋಯಿತು, ಬಾವಿ ತಳ ಕಂಡಿತು, ದೊಡ್ಡಪ್ಪ ಬೋರ್ ಹಾಕಿಸಿದ.

ಮುಂದಿನ ಸಂಕ್ರಾಂತಿಗೆ ಅಜ್ಜಿ ಒಲೆಯ ಮೇಲೆ ಒಂದೇ ಮಡಕೆ ಇಟ್ಟಳು. ಬೋರ್ ನೀರು, ಒಂದು ಹಿಡಿ ಬೇಳೆ. ಬೆಳಿಗ್ಗೆ ಇಟ್ಟದ್ದು ಮಧ್ಯಾಹ್ನವಾದರೂ ಒಡೆಯಲಿಲ್ಲ. ಅವಳು ಅದಕ್ಕೇ ಉಪ್ಪು ಖಾರ ಹಾಕಿ, ಮುದ್ದೆಯ ಪಕ್ಕಕ್ಕೆ ಬಡಿಸಿ ದೊಡ್ಡಪ್ಪನ ಮುಂದಿಟ್ಟಳು. ತಿಳಿನೀರು ಒಂದು ಕಡೆ, ಬೇಳೆ ಒಂದು ಕಡೆ. ದೊಡ್ಡಪ್ಪ ತಲೆ ತಗ್ಗಿಸಿ ಕೊನೇ ತುತ್ತಿನವರೆಗೂ ಉಂಡ. ಕೈ ತೊಳೆಯಲು ಏಳುವಾಗ, "ಚಂದಾಗದೆ ಕಣವ್ವ" ಎಂದ. ಅದು ಸುಳ್ಳೆಂದು ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನ ಮೇಲಿದ್ದ ನನ್ನ ಸಿಟ್ಟು ಅವತ್ತು ಸ್ವಲ್ಪ ಇಳಿಯಿತು.

ನನ್ನ ಮೇಲಿನದು ಇಳಿದಿರಲಿಲ್ಲ. ಮದ್ದೂರಿನಲ್ಲಿ ಪಿಯುಸಿ ಓದುತ್ತಿದ್ದಾಗ ಒಂದು ಭಾನುವಾರ, ಜಗಲಿಯಲ್ಲಿ ಮೊರ ಹಿಡಿದು ಅವರೆಕಾಳು ಆರಿಸುತ್ತಿದ್ದ ಅಜ್ಜಿಯ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ತೂತು ನೋಡಿದ್ದು, ಪುಡಿ ನೋಡಿದ್ದು, ಅಂಟಿನ ಆಸೆಗೆ ಬಾಯಿ ಬಿಡದಿದ್ದದ್ದು. ದೊಣೆ ಹತ್ತಿರದ ಹುಳು ಬಿದ್ದ ಮರಗಳನ್ನು ಆಗಲೇ ಕಡಿದು ಸುಟ್ಟಿದ್ದರೆ ಗುಡ್ಡದ ಉಳಿದ ಮರಗಳು ಬದುಕುತ್ತಿದ್ದವೋ ಏನೋ ಎಂದು ಅತ್ತುಬಿಟ್ಟೆ. ಬೈಯುತ್ತಾಳೆ, ಇಲ್ಲವೇ ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ನಂಗೂ ಗೊತ್ತಿತ್ತು ಕಣ್ ಮಗ" ಎಂದಳು. "ನೀನು ಅಂಟು ತಂದ ದಿನ್ವೇ ಗೊತ್ತಾಯ್ತು, ಅಷ್ಟು ಅಂಟು ಬಿಡೋ ಮರ ಉಳಿಯಕಿಲ್ಲ. ಒಣಗುದ್ರೆ ಮಳೆಗಾಲಕ್ಕೆ ಸೌದೆಯಾಯ್ತದಲ್ಲಾ ಅಂತ ಸುಮ್ಕಾದೆ."

ಅಷ್ಟು ಹೇಳಿ ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಈಗ ಅಜ್ಜಿಯಿಲ್ಲ, ದೊಡ್ಡಪ್ಪನಿಲ್ಲ, ಮನೆ ಭಾಗವಾಗಿ ಒಲೆಯಿದ್ದ ಜಾಗದ ಮೇಲೆ ಗೋಡೆ ಎದ್ದಿದೆ. ಗುಡ್ಡದ ತುಂಬ ಲಂಟಾನ, ದೊಣೆಗೆ ದಾರಿಯೂ ಇಲ್ಲ. ಅಂಟಿನ ಭರಣಿ ಮಾತ್ರ ನನ್ನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿದೆ. ಅದರಿಂದ ನಾನು ಒಂದು ಕಾಗದವನ್ನೂ ಅಂಟಿಸಲಿಲ್ಲ.

ಸೋಡಾ ಹಾಕಿದ ಬೇಳೆ ಹೊರಗೆ ಮೆತ್ತಗಾಗಿ ಒಳಗೆ ಗಟ್ಟಿಯಾಗಿಯೇ ಉಳಿಯಿತು. ಸಾರು ಮಾಡಿ ಮಗಳಿಗೆ ಬಡಿಸಿ, ಅವಳ ಮುಖವನ್ನೇ ನೋಡುತ್ತ ಕೂತೆ. ಹನ್ನೆರಡು ವರ್ಷದ ಹುಡುಗಿ, ಬೇಳೆಯನ್ನು ಅಗಿದು ಅಗಿದು ಉಂಡು, ತಟ್ಟೆ ಖಾಲಿ ಮಾಡಿ, "ಚೆನ್ನಾಗಿತ್ತಮ್ಮ" ಎಂದಳು. ದೊಡ್ಡಪ್ಪ ಆಡಿದ ಮಾತೇ. ಆದರೆ ದೊಣೆ ನೀರಿನ ಬೇಳೆಯನ್ನು ಎಂದೂ ಉಣ್ಣದ ನನ್ನ ಮಗಳು ಸುಳ್ಳು ಹೇಳುತ್ತಿರಲಿಲ್ಲ.